ಗಾಜು ಏರಿಸಿದ ಕಾರು

ಶ್ರೀಗೌರಿ ಕಾರಿನಲ್ಲಿ ಒಬ್ಬಳೇ ಮಾತಾಡಿಕೊಳ್ಳುತ್ತಾಳೆ ಎಂಬ ಸುದ್ದಿಯನ್ನು ಅವಳು ಕೆಲಸ ಮಾಡುವ ಅರಕಲಗೂಡಿನ ಬ್ಯಾಂಕಿಗೆ ತಂದವರು ಹಾಲಿನ ಡೈರಿಯ ಚಂದ್ರಶೇಖರಯ್ಯ. ಹೊಳೆನರಸೀಪುರದಿಂದ ಅರಕಲಗೂಡಿಗೆ ಬರುವ ದಾರಿಯಲ್ಲಿ ಒಂದು ಕಡೆ ರಸ್ತೆ ಅಗೆದು ಗಾಡಿಗಳನ್ನು ನಿಲ್ಲಿಸಿದ್ದರು. ಅವರ ಬೈಕು ಅವಳ ಕಾರಿನ ಪಕ್ಕಕ್ಕೇ ನಿಂತಿತ್ತಂತೆ. ಕಾರಿನ ಗಾಜು ಇಳಿದಿತ್ತು. ಮಾರನೆಯ ದಿನ ಡೈರಿಯ ದುಡ್ಡು ಕಟ್ಟಲು ಕೌಂಟರಿಗೆ ಬಂದವರು ಹತ್ತು ಜನರೆದುರು ನಗುತ್ತಾ ಕೇಳಿದರು: "ಮೇಡಂ, ನೆನ್ನೆ ಯಾರಿಗೋ ಚೆನ್ನಾಗಿ ಕ್ಲಾಸ್ ತಗೋತಿದ್ರಲ್ಲ, ಫೋನಲ್ಲಾ?"

ಹೌದು, ಫೋನಿನಲ್ಲಿ ಎಂದಳು ಶ್ರೀಗೌರಿ. ಪಕ್ಕದ ಕೌಂಟರಿನ ಧನುಶ್ರೀ ನಕ್ಕಳು. ಇವಳೂ ನಕ್ಕಳು. ಆದರೆ ನೋಟು ಎಣಿಸುವ ಯಂತ್ರಕ್ಕೆ ಒಂದೇ ಕಟ್ಟನ್ನು ಎರಡು ಸಲ ಇಟ್ಟಳು. ಅವರ ಕಿವಿಗೆ ಎಷ್ಟು ಬಿದ್ದಿರಬಹುದು? ಹೆಸರು ಹಿಡಿದು ಬೈದಿದ್ದೆನೇ?

ಫೋನಿನಲ್ಲಿ ಯಾರೂ ಇರಲಿಲ್ಲ. ಆ ಹೊತ್ತಿಗೆ ಅವಳು ಅತ್ತೆಗೆ ಉತ್ತರ ಕೊಡುತ್ತಿದ್ದಳು.

ಮದುವೆಯಾಗಿ ಬಂದಾಗಿನಿಂದ ಅವಳು ಮಾತು ನುಂಗಿಕೊಂಡೇ ಬದುಕಿದವಳು. ಹೊಳೆನರಸೀಪುರದಲ್ಲಿ ಅವರದು ದೇವಸ್ಥಾನದ ಹತ್ತಿರದ ಸಾಲುಮನೆ, ಒಂದು ಕೋಣೆಯ ಹಿಂದೆ ಇನ್ನೊಂದು ಕೋಣೆ ಪೋಣಿಸಿದಂಥದ್ದು. ಬೀದಿ ಬಾಗಿಲಲ್ಲಿ ಮಾವ ಸಂಪತ್ಕುಮಾರ ಅವರ ಹತ್ತಿರ ಮುಹೂರ್ತ ಕೇಳಲು ಬರುವ ಜನ. ನಡುಮನೆಯಲ್ಲಿ ಅತ್ತೆ ಶ್ರೀರಂಗಮ್ಮನವರ ಟಿವಿ. ಅದರ ಹಿಂದೆ ಶ್ರೀಗೌರಿ ಮತ್ತು ಗಂಡ ಗಿರಿಧರ ಮಲಗುವ ಕೋಣೆ. ಹಿತ್ತಲಿಗೂ ಬಚ್ಚಲಿಗೂ ಹೋಗಬೇಕಾದರೆ ಆ ಕೋಣೆಯನ್ನೇ ಹಾದು ಹೋಗಬೇಕು. ಆದ್ದರಿಂದ ಅದರ ಬಾಗಿಲಿಗೆ ಹಗಲು ಹೊತ್ತು ಚಿಲಕ ಬೀಳುವುದಿಲ್ಲ. ಅವಳು ಸೀರೆ ಉಟ್ಟುಕೊಳ್ಳುತ್ತಿದ್ದರೂ ಹೊರಗಿನಿಂದ ಕೆಮ್ಮಿ, ಒಂದು ಕ್ಷಣ ಕಾದು, ಯಾರಾದರೂ ಹಾದು ಹೋಗುತ್ತಾರೆ.

ಅವರಲ್ಲಿ ಯಾರೂ ಕೆಟ್ಟವರಲ್ಲ. ಗಿರಿಧರ ಊರಿನ ಜೂನಿಯರ್ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು, ಮೆತ್ತಗಿನ ಮನುಷ್ಯ. ಮಗಳು ಇಂಚರ ಹತ್ತನೆಯ ಕ್ಲಾಸು. ಅತ್ತೆ ಕೈ ಎತ್ತಿದವರಲ್ಲ, ಹಂಗಿಸಿದವರಲ್ಲ. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಸಾರಿಗೆ ಉಪ್ಪು ಮುಂದಾಗಿದೆ, ತಂಗಿಯ ಸೊಸೆ ಎಷ್ಟು ಬೇಗ ಏಳುತ್ತಾಳೆ, ಇಂಚರಳ ಜಡೆ ಯಾಕೆ ಹೀಗೆ, ಬ್ಯಾಂಕಿಂದ ಬರುವುದು ಯಾಕೆ ತಡ. ಬ್ಯಾಂಕಿನಲ್ಲಿ ಗಾಜಿನ ಆಚೆ ನಿಂತ ಜನರದೂ ಅದೇ ಹಾಡು. ಅವರೆಲ್ಲರಿಗೂ ಶ್ರೀಗೌರಿ ಬಳಿ ಉತ್ತರವಿತ್ತು. ಹೇಳುವ ಜಾಗ ಇರಲಿಲ್ಲ.

ಆ ಜಾಗ ಸಿಕ್ಕಿದ್ದು ಕಾರಿನಲ್ಲಿ. ದಿನಾ ಬಸ್ಸಿನಲ್ಲಿ ನಿಂತು ಅರಕಲಗೂಡಿಗೆ ಹೋಗುವುದು ಸಾಕಾಗಿ, ಹಾಸನದ ಒಬ್ಬ ಡಾಕ್ಟರ ಹಳೆಯ ಕಾರನ್ನು ಅವಳು ತನ್ನ ಸಂಬಳದಿಂದ ಕೊಂಡಿದ್ದಳು. ಬಣ್ಣ ಮಾಸಿತ್ತು, ಹಿಂದಿನ ಸೀಟು ಹರಿದಿತ್ತು, ಎಂಜಿನ್ ಗಟ್ಟಿ. ಊರು ದಾಟಿ ನಾಲೆಯ ಹತ್ತಿರ ಬರುತ್ತಿದ್ದಂತೆ ಅವಳು ಗಾಜು ಏರಿಸಿ, ಎಸಿ ಹಾಕಿ, ಬಾಯಿ ಬಿಡುತ್ತಿದ್ದಳು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳು, ಜೋಳದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದರೆ ಇವಳು ಗಟ್ಟಿಯಾಗಿ, ಎದುರಿಗೆ ನಿಂತವರಿಗೆ ಹೇಳುವ ಹಾಗೆ ಹೇಳುತ್ತಿದ್ದಳು. ಅರಕಲಗೂಡು ಬರುವ ಹೊತ್ತಿಗೆ ಹೊಟ್ಟೆ ಹಗುರಾಗಿರುತ್ತಿತ್ತು. ಕೆಲವು ದಿನ ಮಾತೇ ಇರುತ್ತಿರಲಿಲ್ಲ, ಸುಮ್ಮನೆ ಹಾಡಿಕೊಳ್ಳುತ್ತಿದ್ದಳು. ಅದೂ ಸಾಕಿತ್ತು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಎಸಿಯಿಂದ ಬಿಸಿ ಗಾಳಿ ಬರತೊಡಗಿತು. ಗಾಜು ಏರಿಸಿದರೆ ಉಸಿರು ಕಟ್ಟುತ್ತಿತ್ತು. ಇಳಿಸಿಕೊಂಡೇ ಮಾತಾಡುತ್ತಿದ್ದಾಗ ಚಂದ್ರಶೇಖರಯ್ಯನವರು ಕೇಳಿಸಿಕೊಂಡಿದ್ದು. ಆಮೇಲೆ ಅವಳು ಬಾಯಿ ಹೊಲಿದುಕೊಂಡು ಓಡಾಡಿದಳು. ಮನೆಯಲ್ಲಿ ನುಂಗಿದ್ದು ಬ್ಯಾಂಕಿನವರೆಗೂ ಹಾಗೇ ಬರುತ್ತಿತ್ತು, ಬ್ಯಾಂಕಿನಲ್ಲಿ ನುಂಗಿದ್ದು ಮನೆಯವರೆಗೂ. ಎಸಿ ರಿಪೇರಿ ಮಾಡಿಸಬೇಕು ಎಂದಾಗ ಗಿರಿಧರ, ಬೆಳಿಗ್ಗೆ ತಂಪು ಹೊತ್ತು, ಸಂಜೆ ಗಾಳಿ ಬೀಸತ್ತೆ, ಈ ಡಬ್ಬಾ ಗಾಡಿಗೆ ಎಸಿ ಯಾಕೆ ಎಂದ. ಅವಳು ಮತ್ತೆ ಕೇಳಲಿಲ್ಲ.

ಶ್ರವಣಬೆಳಗೊಳಕ್ಕೆ ಯಾತ್ರಿಕರನ್ನು ಕರೆದೊಯ್ಯುವ ಟ್ಯಾಕ್ಸಿಗಳೆಲ್ಲ ಎಸಿ ಕೆಟ್ಟರೆ ಚನ್ನರಾಯಪಟ್ಟಣದ ಬೋರಪ್ಪನ ಹತ್ತಿರವೇ ಹೋಗುತ್ತವೆ ಎಂದು ಹೇಳಿದವಳು ಧನುಶ್ರೀ. ಬ್ಯಾಂಕಿಗೆ ರಜೆ ಇದ್ದ ಒಂದು ಶನಿವಾರ, ಟ್ರೈನಿಂಗ್ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಶ್ರೀಗೌರಿ ಅಲ್ಲಿಗೆ ಹೋದಳು.

ಬೋರಪ್ಪ ಬಾನೆಟ್ ಎತ್ತಿ, ಪೈಪಿಗೆ ಮೀಟರು ಸಿಕ್ಕಿಸಿ ನೋಡಿದ. ಒಳಗೆ ಗ್ಯಾಸೇ ಇರಲಿಲ್ಲ.

"ಎಲ್ಲೋ ಲೀಕಾಗದೆ ಕಣಮ್ಮ. ಬರೀ ಗ್ಯಾಸ್ ತುಂಬ್ಸಿ ಕಳ್ಸುದ್ರೆ ಮುಂದಿನ್ ತಿಂಗ್ಳು ಇಂಗೇ ಬತ್ತೀರಿ," ಎಂದ.

ಪೈಪುಗಳಿಗೆ ಗಾಳಿ ಒತ್ತಿ, ಸೋಪಿನ ನೀರು ಬಳಿದು ಹುಡುಕಿದ. ಮುಂದೆಲ್ಲ ಸರಿಯಾಗಿತ್ತು. ತೂತು ಬಿದ್ದಿದ್ದು ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ. ಅದನ್ನು ತೆಗೆಯಬೇಕಾದರೆ ಸ್ಟೇರಿಂಗಿನಿಂದ ಹಿಡಿದು ಮುಂದಿನದೆಲ್ಲ ಬಿಚ್ಚಬೇಕು. ಗಾಡಿ ಬಿಟ್ಟು ಹೋಗಬೇಕು. ಅವಳು ಬಿಟ್ಟು ಬಸ್ಸಿಗೆ ಬಂದಳು. ಮನೆಯಲ್ಲಿ ಗಾಡಿ ಸರ್ವೀಸಿಗೆ ಬಿಟ್ಟಿದ್ದೇನೆ ಎಂದಳು. ಅದು ಅರ್ಧ ನಿಜ.

ತರಲು ಹೋದಾಗ ಅಲ್ಲೊಬ್ಬ ಟ್ಯಾಕ್ಸಿಯವನೂ ಎಸಿ ಬರುತ್ತಿಲ್ಲವೆಂದು ಬಂದಿದ್ದ. ಬೋರಪ್ಪ ಅವನ ಬಾನೆಟ್ಟಿನೊಳಗಿನ ಕಪ್ಪು ಡಬ್ಬಿ ತೆರೆದು, ಎಸಿಗೆ ಕರೆಂಟು ಹಾಯಿಸುವ, ಸಕ್ಕರೆ ಅಚ್ಚಿನಷ್ಟಿದ್ದ ಒಂದು ರಿಲೇ ಕಿತ್ತು ಬೇರೆ ಹಾಕಿದ. ಗಾಳಿ ತಣ್ಣಗಾಯಿತು. ಶ್ರೀಗೌರಿ ಕುತೂಹಲಕ್ಕೆ ತನ್ನ ಕಾರಿನಲ್ಲಿ ಅದು ಎಲ್ಲಿದೆ ಎಂದು ಕೇಳಿದಳು. ಅವನು ತೋರಿಸಿದ.

ಅವತ್ತು ಸಂಜೆ ಹೊಳೆನರಸೀಪುರದ ಕಡೆ ಹೊರಟಾಗ ಅವಳು ಎಲ್ಲ ಗಾಜೂ ಏರಿಸಿದಳು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಹೊರಗಿನ ಸದ್ದೆಲ್ಲ ದೂರವಾಯಿತು. ಮೊದಲು ಚಂದ್ರಶೇಖರಯ್ಯನವರಿಗೆ ಹೇಳಿದಳು, ಬೇರೆಯವರ ಗಾಡಿಗೆ ಕಿವಿ ಕೊಡೋದು ಬಿಟ್ಟು ನಿಮ್ಮ ಡೈರಿ ಹಾಲಿಗೆ ನೀರು ಹಾಕೋದು ನಿಲ್ಲಿಸಿ ಎಂದು. ಆಮೇಲೆ ಗಂಡನಿಗೆ. ಆಮೇಲೆ ಅತ್ತೆಗೆ. ಊರು ಬಂದಾಗ ಇನ್ನೂ ಮಾತು ಉಳಿದಿತ್ತು; ಒಂದು ಸುತ್ತು ಹೆಚ್ಚು ಹಾಕಿ ಮನೆಗೆ ಬಂದಳು.

ಬಾಗಿಲಲ್ಲಿದ್ದ ಇಂಚರ ಚೀಲ ತೆಗೆಯಲೆಂದು ಕಾರಿನೊಳಗೆ ಬಗ್ಗಿದವಳು, "ಅಜ್ಜೀ, ಒಳಗೆ ಬಂದು ನೋಡು, ಫ್ರಿಜ್ ಇದ್ದ ಹಾಗಿದೆ," ಎಂದು ಕೂಗಿದಳು.

ಶ್ರೀರಂಗಮ್ಮನವರಿಗೆ ಬೇಸಗೆ ಎಂದರೆ ಪ್ರಾಣಸಂಕಟ. ಒದ್ದೆ ಬಟ್ಟೆ ಕತ್ತಿಗೆ ಸುತ್ತಿಕೊಂಡು ನಡುಮನೆಯಲ್ಲಿ ಬಿದ್ದುಕೊಂಡಿರುವವರು. ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಕಣ್ಣು ಮುಚ್ಚಿದರು. ತುಂಬ ಹೊತ್ತು ಇಳಿಯಲಿಲ್ಲ. ಊಟಕ್ಕೆ ಕುಳಿತಾಗ ಹೇಳಿದರು: ಅರಕಲಗೂಡಿನಲ್ಲಿ ತಂಗಿ ಒಬ್ಬಳೇ ಇರುತ್ತಾಳೆ, ಅವಳ ಮಗ ಸೊಸೆ ಕೆಲಸಕ್ಕೆ ಹೋಗಿಬಿಡುತ್ತಾರೆ; ಗೌರಿ ಹೇಗೂ ದಿನಾ ಹೋಗುತ್ತಾಳೆ; ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬಂದರೆ ಬೇಸಗೆ ಕಳೆಯುವವರೆಗೆ ಒಂದು ದಾರಿಯಾಯಿತು. ಗಿರಿಧರನಿಗೆ ಸಂತೋಷವಾಯಿತು. ಎಸಿ ಮಾಡಿಸಿದ್ದು ಒಳ್ಳೆಯದೇ ಆಯಿತು ಎಂದ. ಶ್ರೀಗೌರಿ ಮಜ್ಜಿಗೆ ಬಡಿಸಿದಳು.

ಮಾರನೆಯ ದಿನದಿಂದ ಅವಳು ಯಾರಿಗೆ ಉತ್ತರ ಕೊಡುತ್ತಿದ್ದಳೋ ಅವರೇ ಪಕ್ಕದಲ್ಲಿ ಬಂದು ಕುಳಿತರು. ಗಾಜು ಏರಿತ್ತು, ಗಾಳಿ ತಣ್ಣಗಿತ್ತು, ಹೊರಗಿನ ಒಂದು ಸದ್ದೂ ಒಳಗೆ ಬರುತ್ತಿರಲಿಲ್ಲ. ಅತ್ತೆಯ ಮಾತಿನ ಒಂದಕ್ಷರವೂ ಹೊರಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಮನೆಯ ಸಂಗತಿ. ಸಂಜೆ ತಂಗಿಯ ಮನೆಯ ಸಂಗತಿ. ಮನೆಯಲ್ಲಾದರೆ ಅಡುಗೆಮನೆಗೋ ಹಿತ್ತಲಿಗೋ ಎದ್ದು ಹೋಗಬಹುದಿತ್ತು. ಇಲ್ಲಿ ಬೆಲ್ಟು ಬಿಗಿದುಕೊಂಡು, ಸ್ಟೇರಿಂಗ್ ಹಿಡಿದು, ಹೂಂ ಎನ್ನುತ್ತಾ ಕೂರಬೇಕು. ಕೆಲವು ದಿನ ಬ್ಯಾಂಕಿನ ಹಿಂದಿನ ಸ್ಟೋರ್ ರೂಮಿಗೆ ಹೋಗಿ ಹಳೆಯ ಕಡತಗಳ ನಡುವೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಅಲ್ಲಿಗೂ ಯಾರಾದರೂ ಮೇಡಂ ಎಂದು ಬರುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ ತಲೆ ಬಾಚಿಕೊಳ್ಳುತ್ತಿದ್ದಾಗ ಶ್ರೀಗೌರಿ ಹೊರಗೆ ಹೋಗಿ ಬಾನೆಟ್ ಎತ್ತಿದಳು. ಯೋಚನೆ ಮಾಡಲಿಲ್ಲ, ಮಾಡಿದ್ದರೆ ಕೈ ಬರುತ್ತಿರಲಿಲ್ಲ. ರಿಲೇ ಸ್ವಲ್ಪ ಅಲುಗಾಡಿಸಿದ್ದಕ್ಕೇ ಬಂತು. ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡಳು.

ಅವತ್ತು ದಾರಿಯುದ್ದಕ್ಕೂ ಬಿಸಿ ಗಾಳಿ ಬಂತು. ಮತ್ತೆ ಕೆಟ್ಟಿದೆ ಅನ್ನಿಸತ್ತೆ ಎಂದಳು. ಅತ್ತೆ ಗಾಜು ಇಳಿಸಿದರು. ಮುಖ ಕೆಂಪಾಗಿತ್ತು, ಕತ್ತಿನಲ್ಲಿ ಬೆವರು ಹರಿಯುತ್ತಿತ್ತು. ಅವರು ಬೈಯಲಿಲ್ಲ. ತಮ್ಮ ಸೆರಗನ್ನು ಮಡಚಿ, ಗಾಡಿ ಓಡಿಸುತ್ತಿದ್ದ ಶ್ರೀಗೌರಿಗೇ ಗಾಳಿ ಹಾಕತೊಡಗಿದರು. ಬೇಡಮ್ಮ ಎಂದಳು. ನೀನು ರಸ್ತೆ ನೋಡು ಎಂದರು ಅವರು. ಅವಳಿಗೆ ಅಲ್ಲೇ ಗಾಡಿ ನಿಲ್ಲಿಸಿ ರಿಲೇ ಹಾಕಿಬಿಡಬೇಕು ಅನ್ನಿಸಿತು. ಹಾಕಲಿಲ್ಲ. ಇನ್ನೆರಡು ದಿನ ಹಾಗೇ ಓಡಾಡಿ, ಈ ಉರಿಯಲ್ಲಿ ನನ್ನಿಂದಾಗದು ಎಂದು ಶ್ರೀರಂಗಮ್ಮ ಮನೆಯಲ್ಲೇ ಉಳಿದರು.

ಆಮೇಲೆ ದಿನವೂ ಶ್ರೀಗೌರಿ ನಾಲೆಯ ಹತ್ತಿರ ಗಾಡಿ ನಿಲ್ಲಿಸಿ ರಿಲೇ ಸಿಕ್ಕಿಸುತ್ತಿದ್ದಳು. ಸಂಜೆ ಅಲ್ಲೇ ಕಿತ್ತು ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು. ಬಾನೆಟ್ ಎತ್ತಿ ನಿಂತವಳನ್ನು ಕಂಡು ಬೈಕಿನವರು ನಿಲ್ಲಿಸಿ, ಏನಾದ್ರೂ ತೊಂದ್ರೆಯಾ ಮೇಡಂ ಎಂದು ಕೇಳುತ್ತಿದ್ದರು. ಕಳ್ಳತನ ಮಾಡುವಾಗ ಸಿಕ್ಕಿಬಿದ್ದವಳಂತೆ ಅವಳು ತಟ್ಟನೆ ಬಾನೆಟ್ ಮುಚ್ಚುತ್ತಿದ್ದಳು. ಮೊದಲಿನಂತೆ ಮಾತೂ ಬರುತ್ತಿರಲಿಲ್ಲ. ಅತ್ತೆಗೆ ಏನಾದರೂ ಹೇಳಲು ಬಾಯಿ ತೆರೆದರೆ ಆ ಸೆರಗು ಕಣ್ಣ ಮುಂದೆ ಬರುತ್ತಿತ್ತು.

ಅದಾದ ಮೇಲೆ ಒಂದು ಭಾನುವಾರ ಅವಳು ಇಂಚರಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಗಿರಿಧರ ಕಾರಿನ ಬೀಗದ ಕೈ ತೆಗೆದುಕೊಂಡು, ತೊಳೆಸಿಕೊಂಡು ಬರುತ್ತೇನೆ ಎಂದು ಹೋದ. ತುಂಬ ಹೊತ್ತಾದರೂ ಬರಲಿಲ್ಲ.

"ತೊಳೆಸೋಕಲ್ಲಮ್ಮ," ಎಂದಳು ಇಂಚರ. "ಅಪ್ಪ ಗಾಡೀಲಿದ್ದ ಬಿಲ್ ನೋಡ್ಕೊಂಡು ಚನ್ನರಾಯಪಟ್ಟಣಕ್ಕೆ ಹೋಗಿದ್ದಾರೆ, ಎಸಿ ಸರಿ ಮಾಡಿಸೋಕೆ. ಅಜ್ಜಿಗೆ ಹೇಳ್ಬೇಡ ಅಂದಿದ್ದಾರೆ."

ಶ್ರೀಗೌರಿಯ ಕೈ ಮಗಳ ಕೂದಲಲ್ಲೇ ನಿಂತಿತು. ರಿಲೇ ಇದ್ದ ಪರ್ಸು ಗೂಟಕ್ಕೆ ನೇತುಬಿದ್ದಿತ್ತು. ಕೈ ಒರೆಸಿಕೊಂಡು ಕೋಣೆಗೆ ಹೋಗಿ ಬೋರಪ್ಪನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಎತ್ತಿದ್ದರೂ ಏನು ಹೇಳುವುದು? ಮಂಚದ ಮೇಲೆ ಕುಳಿತಳು. ಮಾವ ಕೆಮ್ಮಿ, ಒಂದು ಕ್ಷಣ ಕಾದು, ಕೋಣೆ ಹಾದು ಬಚ್ಚಲಿಗೆ ಹೋದರು. ತಿರುಗಿ ಬಂದರು. ಅತ್ತೆ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದರು, ಬಂದರು, ಯಾಕೆ ಸಪ್ಪಗಿದ್ದೀಯ ಎಂದರು. ತಲೆನೋವು ಎಂದಳು. ಅಮೃತಾಂಜನ ತಂದು ಕೊಟ್ಟರು.

ಮಧ್ಯಾಹ್ನ ಕಾರು ಬಂತು. ಗಿರಿಧರ ತಾಯಿಯನ್ನು ಕರೆದು ಮುಂದಿನ ಸೀಟಿನಲ್ಲಿ ಕೂರಿಸಿದ. ಶ್ರೀರಂಗಮ್ಮ ಮಗನ ಕೆನ್ನೆ ಸವರಿದರು. ಇನ್ನು ನಾಳೆಯಿಂದ ಹೋಗು ಎಂದ ಅವನು. ಹೆಂಡತಿಯ ಕಡೆ ನೋಡಲಿಲ್ಲ. ಊಟವಾದ ಮೇಲೆ, ಒಂದು ರೌಂಡ್ ಹೋಗಿ ಬರೋಣ ಬಾ ಎಂದು ಅವಳನ್ನು ಕರೆದುಕೊಂಡು ಹೊರಟು, ಹೊಳೆಯ ದಂಡೆಯಲ್ಲಿ ಮರದ ನೆರಳಿಗೆ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ.

ಬೋರಪ್ಪ ಡಬ್ಬಿ ತೆರೆದವನೇ, "ಇದ್ರ ರಿಲೇನೇ ಇಲ್ವಲ್ಲ ಸಾ. ತಾನಾಗೇ ಬೀಳೋ ಸಾಮಾನಲ್ಲ ಅದು, ಯಾರೋ ಕಿತ್ತವ್ರೆ," ಎಂದನಂತೆ. ಯಾವನೋ ಕಳ್ಳ ಇರಬೇಕು ಎಂದು ಗಿರಿಧರ ಅಂದುಕೊಂಡನಂತೆ. ದಾರಿಯಲ್ಲಿ ಬರುತ್ತಾ, ಬಾನೆಟ್ ತೆರೆಯುವ ಗುಂಡಿ ಇರುವುದು ಕಾರಿನ ಒಳಗೆ, ಕಾರಿಗೆ ಯಾವಾಗಲೂ ಬೀಗ ಹಾಕಿರುತ್ತದೆ ಎಂಬುದು ಹೊಳೆಯಿತಂತೆ.

"ನೀನಾ?" ಎಂದು ಕೇಳಿದ.

"ಹೂಂ."

"ಅಮ್ಮ ನಿನಗೇನು ಮಾಡಿದ್ರು ಗೌರಿ?"

"ಏನೂ ಮಾಡಿಲ್ಲ. ಯಾರೂ ಏನೂ ಮಾಡಿಲ್ಲ. ದಿನಕ್ಕೆ ಸ್ವಲ್ಪ ಹೊತ್ತು ನಾನು ಒಬ್ಬಳೇ ಇರಬೇಕು, ಅಷ್ಟೆ. ಮನೇಲಿ ಬಾಗಿಲು ಹಾಕ್ಕೊಳ್ಳೋಕೆ ಜಾಗ ಇಲ್ಲ."

"ನಮ್ಮ ರೂಮಿದೆಯಲ್ಲ."

"ಅದಕ್ಕೆ ಚಿಲಕ ಹಾಕಿದರೆ ಮಾವ ಬಚ್ಚಲಿಗೆ ಎಲ್ಲಿಂದ ಹೋಗ್ತಾರೆ?"

ಗಿರಿಧರ ಆ ಮನೆಯಲ್ಲೇ ಹುಟ್ಟಿ ಬೆಳೆದವನು. ಈ ಪ್ರಶ್ನೆ ಅವನಿಗೆ ಯಾವತ್ತೂ ಎದುರಾಗಿರಲಿಲ್ಲ. "ನನ್ನಿಂದಲೂ ದೂರ ಇರಬೇಕಾ?" ಎಂದ.

"ಕೆಲವು ಸಲ ನಿಮ್ಮಿಂದಲೂ."

ಅವನಿಗೆ ನೋವಾದದ್ದು ಕಂಡಿತು. ಅಮ್ಮನಿಗೆ ಹೇಳುವುದಿಲ್ಲ, ಆದರೆ ನಾಳೆಯಿಂದ ಅವರು ಬರುತ್ತಾರೆ, ಇನ್ನೊಮ್ಮೆ ಹೀಗೆ ಮಾಡಬೇಡ ಎಂದ. ದನಿ ಎತ್ತಲಿಲ್ಲ. ಗೇರು ಹಾಕಿ ಗಾಡಿಯನ್ನು ಮನೆಯ ಕಡೆ ತಿರುಗಿಸಿದ.

ಸೋಮವಾರ ಶ್ರೀರಂಗಮ್ಮ ಹೊಸ ಉತ್ಸಾಹದಲ್ಲಿ ಹೊರಟರು. ತಂಗಿಗೆಂದು ಪುಳಿಯೋಗರೆ ಗೊಜ್ಜು ಕಟ್ಟಿಕೊಂಡಿದ್ದರು. ಗಿರಿಧರನಿಗೆ ಚಿಕ್ಕವನಿದ್ದಾಗಿನಿಂದ ತಮ್ಮ ಮೇಲೆ ಎಷ್ಟು ಪ್ರಾಣ ಎಂಬುದನ್ನೇ ದಾರಿಯುದ್ದಕ್ಕೂ ಹೇಳಿದರು. ನಾಲೆ ದಾಟಿತು. ಬ್ಯಾರನ್ನುಗಳು ದಾಟಿದವು. ಹೇಳದಿದ್ದರೆ ಬೇಸಗೆಯಿಡೀ ಹೀಗೆ, ಬೇಸಗೆ ಮುಗಿದರೆ ಮಳೆಗಾಲಕ್ಕೂ ಹೀಗೆ ಎಂದು ಶ್ರೀಗೌರಿಗೆ ಅನ್ನಿಸಿತು. ತಂಗಿಯ ಮನೆಯ ಮುಂದೆ ಗಾಡಿ ನಿಲ್ಲಿಸಿ, ಎದುರಿಗೆ ನೋಡುತ್ತಲೇ ಹೇಳಿದಳು:

"ಅಮ್ಮ, ನಾಳೆಯಿಂದ ನಾನೊಬ್ಬಳೇ ಬರ್ತೀನಿ."

"ಯಾಕೆ, ಎಸಿ ಮತ್ತೆ ಕೆಟ್ಟಿತಾ?"

"ಇಲ್ಲ. ಆವಾಗಲೂ ಕೆಟ್ಟಿರಲಿಲ್ಲ. ನಾನೇ ಒಂದು ಸಾಮಾನು ಕಿತ್ತಿಟ್ಟಿದ್ದೆ. ನನಗೆ ಒಬ್ಬಳೇ ಇರಬೇಕು ಅನ್ನಿಸ್ತಿತ್ತು. ಹೇಳೋಕೆ ಧೈರ್ಯ ಬರಲಿಲ್ಲ."

ಶ್ರೀರಂಗಮ್ಮ ಅವಳ ಕಡೆ ತಿರುಗಿದರು. ಆಮೇಲೆ ಗೊಜ್ಜಿನ ಡಬ್ಬಿ ಎತ್ತಿಕೊಂಡರು. "ಆ ಬಿಸಿಲಲ್ಲಿ ನಾನು ನಿನಗೆ ಗಾಳಿ ಹಾಕ್ತಿದ್ನಲ್ಲೇ," ಎಂದರು. ಬಾಗಿಲು ತೆರೆಯಲು ಬರದೆ ತಡವರಿಸಿದರು. ಶ್ರೀಗೌರಿ ಕೈಚಾಚಿ ತೆರೆದುಕೊಟ್ಟಳು.

ಅವತ್ತು ಸಂಜೆ ಅವರು ತಂಗಿಯ ಮಗನ ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಬಂದು ಬಸ್ಸಿನಲ್ಲೇ ಊರಿಗೆ ಹೋಗಿದ್ದರು. ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಅತ್ತೆಯ ಬಾಯಿ ನಿಂತುಹೋಯಿತು, ಅಷ್ಟೆ. ಸಾರಿಗೆ ಉಪ್ಪು ಕಡಿಮೆಯಾದರೂ ಉಣ್ಣುತ್ತಿದ್ದರು. ಹಿತ್ತಲಿಗೆ ಹೋಗಬೇಕಾದರೆ ಕೋಣೆಯ ಹೊರಗೆ ಬಹಳ ಹೊತ್ತು ನಿಂತು, ಇಂಚರಳನ್ನು ಕರೆದು, ನಿಮ್ಮಮ್ಮನ್ನ ಕೇಳು, ಒಳಗೆ ಬರಬಹುದಾ ಅಂತ ಎನ್ನುತ್ತಿದ್ದರು. ಬೈಗಳಿಗಿಂತ ಅದು ಹೆಚ್ಚು ಚುಚ್ಚಿತು. ಗಿರಿಧರ ಒಬ್ಬ ಮೇಸ್ತ್ರಿಯನ್ನು ಕರೆಸಿ, ಹಿತ್ತಲಿಗೆ ಪಕ್ಕದಿಂದ ದಾರಿ ಮಾಡಲು ಆಗುತ್ತದೆಯೇ ಎಂದು ಕೇಳಿದ. ಪಕ್ಕದ ಮನೆಯವರ ಗೋಡೆ ಇದೆ, ಆಗುವುದಿಲ್ಲ ಎಂದು ಮೇಸ್ತ್ರಿ ಕಾಫಿ ಕುಡಿದು ಹೋದ.

ಕಾರಿನಲ್ಲಿ ಅವಳು ಈಗ ಒಬ್ಬಳೇ. ಗಾಜು ಏರಿಸುತ್ತಿದ್ದಳು, ಎಸಿ ಹಾಕುತ್ತಿದ್ದಳು. ಹೇಳುವುದು ಏನೂ ಇರಲಿಲ್ಲ. ಮನೆಯಲ್ಲೂ ಮೌನ, ಇಲ್ಲೂ ಮೌನ. ಒಂದು ಪೆಟ್ಟಿಗೆಯಿಂದ ಇಳಿದು ಇನ್ನೊಂದು ಪೆಟ್ಟಿಗೆಗೆ ಹತ್ತಿದಂತೆ ಓಡಾಡಿದಳು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಅರಕಲಗೂಡಿನ ಬಸ್ಸೊಂದರ ಹಿಂದೆ ಸಿಕ್ಕಿಕೊಂಡಳು. ರಸ್ತೆ ಕಿರಿದು. ಬಸ್ಸು ಗಿಜಿಗುಟ್ಟುತ್ತಿತ್ತು. ಕೊನೆಯ ಸಾಲಿನ ಗಾಜಿನಲ್ಲಿ ಒಂದು ಬಿಳಿ ತುರುಬು, ಕತ್ತಿಗೆ ಸುತ್ತಿದ ಒದ್ದೆ ಬಟ್ಟೆ ಕಂಡಿತು. ಮನೆಯಲ್ಲಿ ಯಾರಿಗೂ ಹೇಳದೆ ಶ್ರೀರಂಗಮ್ಮ ಮುಂಚೆಯೇ ಹೊರಟು ಬಸ್ಸು ಹತ್ತಿದ್ದರು. ಮುಂದೆ ಹೋಗಲು ಒಂದೆರಡು ಕಡೆ ಜಾಗ ಸಿಕ್ಕಿತು, ಅವಳು ಹೋಗಲಿಲ್ಲ. ಬಸ್ಸು ನಿಂತಲ್ಲೆಲ್ಲ ನಿಂತಳು, ಹೊರಟಾಗ ಹೊರಟಳು. ಅವಳ ಮುಖಕ್ಕೆ ತಣ್ಣನೆಯ ಗಾಳಿ ಬೀಸುತ್ತಿತ್ತು. ಗುಂಡಿ ಒತ್ತಿ ಅದನ್ನು ಆರಿಸಿದಳು. ಅದರಿಂದ ಯಾರಿಗೂ ತಂಪಾಗುವುದಿಲ್ಲ ಎಂದು ಗೊತ್ತಿದ್ದರೂ ಮತ್ತೆ ಹಾಕಲಿಲ್ಲ.

ಬಸ್ ನಿಲ್ದಾಣದ ಹೊರಗೆ ಕಾರು ನಿಲ್ಲಿಸಿ ಒಳಗೆ ಹೋದಳು. ಶ್ರೀರಂಗಮ್ಮ ಕಂಬಿ ಹಿಡಿದು ಇಳಿಯುತ್ತಿದ್ದರು. ಸೊಸೆಯನ್ನು ಕಂಡು ಗುರುತಿನವರನ್ನು ಕಂಡಂತೆ ನಿಂತರು. ಅವಳು ಕೈಚೀಲ ತೆಗೆದುಕೊಂಡಳು; ಅವರು ಬಿಟ್ಟುಕೊಟ್ಟರು. ಚಿಕ್ಕಮ್ಮನ ಮನೆವರೆಗೂ ಬಿಡುತ್ತೇನೆ, ಸಂಜೆ ಒಟ್ಟಿಗೆ ಹೋಗೋಣ ಎಂದಳು ಶ್ರೀಗೌರಿ.

"ಬೇಡ," ಎಂದರು ಶ್ರೀರಂಗಮ್ಮ. ಇಷ್ಟು ದಿನದ ಮೇಲೆ ಅವಳ ಮುಖ ನೋಡಿ ಆಡಿದ ಮೊದಲ ಮಾತು. "ಬಸ್ಸಲ್ಲಿ ಜನ ಇರ್ತಾರೆ. ಬಾಗೂರಿನವರು ಒಬ್ಬರು ಸಿಕ್ಕಿದ್ರು, ಮಾತಾಡ್ಕೊಂಡು ಬಂದೆ. ನಿನಗೆ ಮಾತು ಆಗಲ್ಲ, ನನಗೆ ಮಾತಿಲ್ಲದೆ ಆಗಲ್ಲ."

ಅದು ಕೋಪವೋ, ಬರೀ ಇದ್ದ ಸಂಗತಿಯೋ ಶ್ರೀಗೌರಿಗೆ ತಿಳಿಯಲಿಲ್ಲ. ಕ್ಷಮೆ ಕೇಳಬೇಕೆಂದುಕೊಂಡಳು. ಕೇಳಿದರೆ ನಾಳೆಯಿಂದ ಅವರು ಮತ್ತೆ ಪಕ್ಕದಲ್ಲಿ ಕೂರುತ್ತಾರೆ ಎಂಬ ಭಯ ಇನ್ನೂ ಹೋಗಿರಲಿಲ್ಲ. ಆ ಭಯಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಭಯ ಇದ್ದೇ ಇತ್ತು.

ಆಟೋಗಳ ಕಡೆ ನಡೆಯುತ್ತಾ ಅತ್ತೆ ತಾವೇ ಹೇಳಿದರು:

"ಏಕಾದಶಿ ದಿನ ಮಾತ್ರ ಕರ್ಕೊಂಡು ಹೋಗು. ಉಪವಾಸ ಇರ್ತೀನಿ, ಬಸ್ಸಲ್ಲಿ ನಿಲ್ಲೋಕಾಗಲ್ಲ. ಅವತ್ತು ನಾನೂ ಹೆಚ್ಚು ಮಾತಾಡಲ್ಲ."

ಆಗಲಮ್ಮ ಎಂದಳು ಶ್ರೀಗೌರಿ. ಅವರನ್ನು ಆಟೋ ಹತ್ತಿಸಿ, ಚೀಲ ತೊಡೆಯ ಮೇಲಿಟ್ಟಳು. ಆಟೋ ತಿರುವು ದಾಟಿದ ಮೇಲೆ ಬಂದು ಕಾರಿನಲ್ಲಿ ಕುಳಿತಳು. ಒಳಗೆ ಬಿಸಿ ಅಡರಿತ್ತು. ಬ್ಯಾಂಕು ತೆರೆಯುವ ಹೊತ್ತಾಗಿತ್ತು. ನಾಲ್ಕೂ ಗಾಜು ಇಳಿಸಿಕೊಂಡು, ಸಂತೆಗೆ ಹೊರಟ ಜನರ ನಡುವೆ ಹಾರ್ನ್ ಹೊಡೆಯುತ್ತಾ ಮೆಲ್ಲಗೆ ಹೊರಟಳು.